ಬೆಂಕಿಯಿಲ್ಲದ ಚಟ



“ಸ್ವಾಮಿ, ಇದು ಇ-ಸಿಗರೇಟಲ್ಲ, ಅಲ್ಟ್ರಾಸಾನಿಕ್ ನೆಬ್ಯುಲೈಸರ್ ತಂತ್ರ. ಬೆಂಕಿಯಿಲ್ಲ, ಹೊಗೆಯಿಲ್ಲ. ಸೇದಿದರೆ ತಪ್ಪೇನು?” ಎಂದು ಕೇಳುವ ಯುವಕರಿದ್ದಾರೆ. ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ.

ಸಾಮಾನ್ಯ ಇ-ಸಿಗರೇಟಿನಲ್ಲಿ ಒಂದು ತಂತಿಸುರುಳಿ ಕಾದು, ನಿಕೋಟಿನ್ ಬೆರೆತ ದ್ರವವನ್ನು ಆವಿಯಾಗಿಸುತ್ತದೆ. ಉಬ್ಬಸದ ಮಕ್ಕಳಿಗೆ ಔಷಧಿ ಕೊಡುವ ನೆಬ್ಯುಲೈಸರ್ ನಿಮಗೆ ಗೊತ್ತು. ಅದರ ಅಲ್ಟ್ರಾಸಾನಿಕ್ ಬಗೆಯಲ್ಲಿ ಸ್ಫಟಿಕದ ಬಿಲ್ಲೆಯೊಂದು ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಸಲ ಕಂಪಿಸಿ, ದ್ರವವನ್ನು ಮಂಜಿನಂತೆ ಒಡೆಯುತ್ತದೆ. ಹೊಸ ಉಪಾಯವೇನೂ ಅಲ್ಲ. ಚೀನಾದ ಹೊನ್ ಲಿಕ್ 2003ರಲ್ಲಿ ರೂಪಿಸಿದ ಇ-ಸಿಗರೇಟೇ ಇಂಥ ಕಂಪನದಿಂದ ನಡೆಯುತ್ತಿತ್ತು. ಸುರುಳಿ ಅತಿಯಾಗಿ ಕಾದು ದ್ರವ ಸೀದರೆ ಫಾರ್ಮಾಲ್ಡಿಹೈಡ್‌ನಂಥ ವಿಷ ಹುಟ್ಟುತ್ತದೆ; ಮಂಜಿನಲ್ಲಿ ಅದು ಕಡಿಮೆಯಾಗಬಹುದು. ಒಪ್ಪೋಣ. ನಿಕೋಟಿನ್ ಮಾತ್ರ ಅದೇ ನಿಕೋಟಿನ್.

ಕೃತ್ಯದ ಜೊತೆಗೆ ಅದರ ಉದ್ದೇಶ, ಸಂದರ್ಭಗಳನ್ನೂ ತೂಗಬೇಕೆಂದು ಸಂತ ತೋಮಾಸ್ ಅಕ್ವಿನಾಸರು ಕಲಿಸಿದರು. 20 ವರ್ಷ ಬೀಡಿ ಸೇದಿದವನು ಬಿಡುವ ಸಲುವಾಗಿ ಕಡಿಮೆ ಕೇಡಿನ ದಾರಿ ಹುಡುಕಿದರೆ, ಅವನನ್ನು ಖಂಡಿಸಲು ನನಗೆ ಬಾಯಿ ಬಾರದು. ಎಂದೂ ಸೇದದ 16 ವರ್ಷದ ಹುಡುಗ ಮಾವಿನ ರುಚಿಗೆಂದು ಅದನ್ನೇ ಬಾಯಿಗಿಟ್ಟರೆ? ಅವನಿಗೆ ಇದು ಯಾವುದರ ಬದಲಿ? ಬಿಡಬೇಕಾದುದು ಅವನಲ್ಲಿ ಏನೂ ಇರಲಿಲ್ಲ! ಅನುಮತಿಯಿರುವ ವಸ್ತುವಿಗೂ ಅಡಿಯಾಳಾಗಬಾರದೆಂದು ಸಂತ ಪೌಲರು ಕೊರಿಂಥದವರನ್ನು ಎಚ್ಚರಿಸಿದ್ದರು. ಈ ಅಡಿಯಾಳುತನವಂತೂ ಕಣ್ಣಿಗೇ ಬೀಳದು. ಅಂಗಿಗೆ ಹೊಗೆವಾಸನೆಯಿಲ್ಲ, ಜೇಬಿನಲ್ಲಿ ಬೆಂಕಿಪೊಟ್ಟಣವಿಲ್ಲ. ತಾಯಿಗೆ ತಿಳಿಯುವುದಾದರೂ ಹೇಗೆ?

ಇನ್ನು ಕಾನೂನು. 2019ರ ಕೇಂದ್ರ ಕಾಯಿದೆ ಇ-ಸಿಗರೇಟಿನ ತಯಾರಿಕೆ, ಮಾರಾಟ, ಜಾಹೀರಾತುಗಳನ್ನು ನಿಷೇಧಿಸಿದೆ. ಅದರಲ್ಲಿ ‘ಕಾಯಿಸುವ’ ಸಾಧನವೆಂದಿದೆ, ಇದು ಕಾಯಿಸುವುದಿಲ್ಲವಲ್ಲ ಎಂದು ವಾದಿಸುವ ಜಾಣರೂ ಇದ್ದಾರೆ. (ಅಕ್ಷರದಲ್ಲಿ ಸಂದು ಹುಡುಕುವ ಜಾಣ್ಮೆ ಫರಿಸಾಯರ ಕಾಲದಿಂದಲೂ ಉಂಟು.) ನಿಕೋಟಿನ್ ಒದಗಿಸುವ ಎಲ್ಲ ಬಗೆಯ ಇಲೆಕ್ಟ್ರಾನಿಕ್ ಸಾಧನಗಳನ್ನೂ ಅದೇ ಕಾಯಿದೆ ಒಳಗೊಂಡಿದೆ.

ಹಾಗಾದರೆ ಬಿಡಲಾರದೆ ಒದ್ದಾಡುವವರ ಗತಿ? ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ಪಟ್ಟಿ ಔಷಧಿ ಅಂಗಡಿಯಲ್ಲಿ ಸಿಗುತ್ತವೆ; ವೈದ್ಯರ ಸಲಹೆಯಂತೆ ಪ್ರಮಾಣ ಇಳಿಸುತ್ತ ಬರಬಹುದು. ಸಿಗರೇಟು ಪೊಟ್ಟಣದ ಮೇಲೆಯೇ 1800-11-2356 ಎಂಬ ಉಚಿತ ಸಹಾಯವಾಣಿ ಇದೆ. ಮನೆಯವರು ಬೈಯುವುದನ್ನು ಒಂದು ದಿನ ನಿಲ್ಲಿಸಿ, ಪಕ್ಕದಲ್ಲಿ ಕೂತು ಆ ಕರೆ ಮಾಡಿಸಲಿ.