ಕೆಲಸ ಹೋದರೆ ನಂಬಿಕೆ ಹೋಯಿತಾ?

ಇವತ್ತು ನನ್ನದೇ ಒಂದು ತಪ್ಪು ಒಪ್ಪಿಕೊಂಡು ಶುರು ಮಾಡ್ತೀನಿ.

ನಮ್ಮ ತಿಪ್ಪಸಂದ್ರದ ಕಡೆಯ ಒಬ್ಬ ತಮ್ಮ ದೇವನಹಳ್ಳಿ ಏರ್‌ಪೋರ್ಟ್‌ನಲ್ಲಿ ವಿಮಾನ ಕಂಪನಿಯೊಂದರ ಕೆಲಸದಲ್ಲಿದ್ದ. ಕೆಲಸ ಹೋಯಿತು. ಪ್ರಾರ್ಥನೆಗೆ ಬಂದವನಿಗೆ ನಾನು, "ಎಲ್ಲಿ ತಪ್ಪಿದ್ದೀಯ ಅಂತ ನಿನ್ನನ್ನೇ ಪರೀಕ್ಷೆ ಮಾಡ್ಕೋ" ಅಂದುಬಿಟ್ಟೆ. ಅವನು ತಲೆ ತಗ್ಗಿಸಿಕೊಂಡು ಹೋದ. ಎರಡು ತಿಂಗಳು ಸಭೆಗೆ ಬರಲಿಲ್ಲ.

ಅವನು ನಿಜವಾಗಿ ಎಲ್ಲಿ ತಪ್ಪಿದ್ದ?

2008ರ ಆರ್ಥಿಕ ಹಿಂಜರಿತ ನೆನಪು ಮಾಡ್ಕೊಳ್ಳಿ. ಆ ಅಕ್ಟೋಬರ್‌ನಲ್ಲಿ ಜೆಟ್ ಏರ್‌ವೇಸ್ ಸುಮಾರು 1,900 ಮಂದಿಯನ್ನು ತೆಗೀತೀವಿ ಅಂದಿತು. ಹುಡುಗ ಹುಡುಗಿಯರು ಯೂನಿಫಾರ್ಮ್‌ನಲ್ಲೇ ಬೀದಿಗೆ ಬಂದು ಅತ್ತರು. ಒಂದೆರಡು ದಿನದಲ್ಲೇ ಚೇರ್ಮನ್ ನರೇಶ್ ಗೋಯಲ್ ಎಲ್ಲರನ್ನೂ ವಾಪಸ್ ಕರೆದರು. ಯೋಚನೆ ಮಾಡಿ, ಆ ಎರಡು ದಿನದಲ್ಲಿ ಆ ಮಕ್ಕಳ ಯೋಗ್ಯತೆ ಬದಲಾಯಿತಾ? ಅವರ ನಂಬಿಕೆ ಇಳಿದು ಮತ್ತೆ ಏರಿತಾ? ಇಲ್ಲ. ಬದಲಾಗಿದ್ದು ಮೇಲಿನವರ ತೀರ್ಮಾನ ಅಷ್ಟೇ. ಅದೇ ಜೆಟ್ 2019ರ ಏಪ್ರಿಲ್‌ನಲ್ಲಿ ಹಾರಾಟವನ್ನೇ ನಿಲ್ಲಿಸಿತು.

ನಮ್ಮ ಬೆಂಗಳೂರಿನ ಕಿಂಗ್‌ಫಿಶರ್ ನೋಡಿ. ಒಳ್ಳೆ ಸೇವೆಗೆ ಹೆಸರಾಗಿತ್ತು. 2012ರಲ್ಲಿ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಬರಲಿಲ್ಲ, ಅಕ್ಟೋಬರ್‌ಗೆ ವಿಮಾನಗಳು ನಿಂತೇ ಹೋದವು. ಈ ವ್ಯಾಪಾರವೇ ಹಾಗೆ. ಇವತ್ತು ಖಾಲಿ ಹೋದ ಸೀಟನ್ನು ನಾಳೆ ಮಾರೋಕಾಗಲ್ಲ. ಗುತ್ತಿಗೆಗೆ ತಂದ ವಿಮಾನ ನೆಲದ ಮೇಲೆ ನಿಂತರೂ ಬಾಡಿಗೆ ಕಟ್ಟಬೇಕು. ಆ ಲೆಕ್ಕದ ಭಾರ ಕೊನೆಗೆ ಬೀಳೋದು ಕೌಂಟರ್‌ನಲ್ಲಿ ನಿಂತವರ ಮೇಲೆ.

ಹಾಗಾದ್ರೆ ಶ್ರದ್ಧೆಯಿಂದ ದುಡಿಯೋದು ಬೇಡವಾ? ಬೇಕು. ಅದು ನಮ್ಮ ಕರ್ತವ್ಯ. ಆದರೆ ಶ್ರದ್ಧೆ ಇನ್ಶೂರೆನ್ಸ್ ಅಲ್ಲ, ನಂಬಿಕೆಯೂ ಇನ್ಶೂರೆನ್ಸ್ ಅಲ್ಲ. ಕೆಲಸ ಹೋಗೋದು ದೇವರು ಕೊಟ್ಟ ತೀರ್ಪು ಅಂತ ಹೇಳೋ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ.

ಯೋಬನ ಗೆಳೆಯರು ಏಳು ದಿನ ಸುಮ್ಮನೆ ಅವನ ಜೊತೆ ನೆಲದ ಮೇಲೆ ಕೂತರು. ಅಲ್ಲಿವರೆಗೆ ಒಳ್ಳೆ ಗೆಳೆಯರೇ. ಬಾಯಿ ಬಿಟ್ಟು "ನಿನ್ನದೇ ತಪ್ಪು" ಅಂದಾಗ ಕೆಟ್ಟರು. ನಾನೂ ಹಾಗೇ ಕೆಟ್ಟೆ.

ಇನ್ನೊಂದು ಮಾತು. ಬಾಕಿ ಸಂಬಳ ಕೇಳೋದು ಅಪನಂಬಿಕೆ ಅಲ್ಲ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕು ಅನ್ನೋದು ಧರ್ಮೋಪದೇಶಕಾಂಡದ ಆಜ್ಞೆ. ಅದು ದಯೆ ಅಲ್ಲ, ನಿಮ್ಮ ಹಕ್ಕು.

ಕೆಲಸ ಉಳಿದವರೇ, ಸಾಕ್ಷಿ ಹೇಳಿ, ಸ್ತೋತ್ರ ಮಾಡಿ. ಆದರೆ "ನನ್ನ ನಂಬಿಕೆಯಿಂದ ಉಳೀತು" ಅನ್ನೋ ಮುಂಚೆ ಪಕ್ಕದಲ್ಲಿ ಕೂತವರ ಮುಖ ನೋಡಿ.

ಕೊನೆಗೆ ನಾನೇ ಆ ತಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವನು, "ಪಾಸ್ಟರ್, ದೇವರ ಮೇಲೆ ಬೇಜಾರಿರಲಿಲ್ಲ. ನಿಮ್ಮ ಮುಂದೆ ಬರೋಕೆ ನಾಚಿಕೆ ಆಗ್ತಿತ್ತು" ಅಂದ. ಮೊದಲ ದಿನವೇ ಕೇಳಬೇಕಾಗಿದ್ದನ್ನು ಅವತ್ತು ಕೇಳಿದೆ: "ಬಾಡಿಗೆ ಕಟ್ಟಿದ್ದೀಯಾ? ಊಟ ಆಯ್ತಾ?"

ಈ ವಾರ ನಿಮ್ಮಲ್ಲಿ ಒಬ್ಬೊಬ್ಬರೂ ಒಬ್ಬರಿಗಾದರೂ ಫೋನ್ ಮಾಡಿ ಅದನ್ನೇ ಕೇಳಿ. ಆಮೆನ್.