ಮನೆಯೊಳಗಿನ ಮಾತೃಪೂಜೆ



ನವರಾತ್ರಿಯ ಪುಣ್ಯಕಾಲದಲ್ಲಿ ನಾವು ಜಗನ್ಮಾತೆಯನ್ನು ಷೋಡಶೋಪಚಾರಗಳಿಂದ ಅರ್ಚಿಸುತ್ತೇವೆ. ಆಕೆಯು ಸಕಲ ಜೀವಿಗಳಲ್ಲಿಯೂ ಮಾತೃರೂಪದಿಂದ ನೆಲೆಸಿರುವಳೆಂದು ದೇವೀಮಾಹಾತ್ಮ್ಯೆಯು ಸ್ತುತಿಸುತ್ತದೆ. ಹಾಗಾದರೆ, ಮನೆಯ ಮೂಲೆಯ ಮಂಚದಲ್ಲಿರುವ ವೃದ್ಧಮಾತೆಗೆ ನಾವು ಸಲ್ಲಿಸುವ ಉಪಚಾರವಾವುದು?

ನನ್ನ ಅಪರಾಧವನ್ನೇ ನಿವೇದಿಸುವೆನು. 2018ರ ದುರ್ಗಾಷ್ಟಮಿ. ಮುಂಬಯಿಯ ಅಕ್ಟೋಬರ್ ಸೆಕೆ. ಎಪ್ಪತ್ತೆಂಟರ ನಮ್ಮ ತಾಯಿಯವರು ಬೆಳಗಿನಿಂದ ಅಸಂಬದ್ಧವಾಗಿ ಮಾತನಾಡತೊಡಗಿದರು. ಮುಪ್ಪಿನ ಅರಳುಮರಳೆಂದು ಬಗೆದು ನಾನು ಪೂಜೆಗೆ ಕುಳಿತೆನು. ಸಂಜೆ ಬಂದ ವೈದ್ಯರು ಒಣಗಿದ ನಾಲಗೆಯನ್ನು ನೋಡಿ, “ಇವರು ನೀರು ಕುಡಿದು ಎಷ್ಟು ಹೊತ್ತಾಯಿತು?” ಎಂದರು. ಬ್ಯಾಂಕಿನಲ್ಲಿ ಪೈಸೆಗೆ ಪೈಸೆ ಲೆಕ್ಕವಿಡುವ ನನ್ನಲ್ಲಿ ಆ ಲೆಕ್ಕವಿರಲಿಲ್ಲ. ದೇವಿಗೆ ಅರ್ಘ್ಯಪಾದ್ಯಗಳನ್ನು ತಪ್ಪದೆ ಅರ್ಪಿಸಿದ ಕೈ ತಾಯಿಗೆ ಒಂದು ಲೋಟ ನೀರನ್ನು ಕೊಟ್ಟಿರಲಿಲ್ಲ! ಚಿಕಿತ್ಸೆಯಿಂದ ಅವರು ಚೇತರಿಸಿಕೊಂಡರು. ನನ್ನ ನಾಚಿಕೆ ಉಳಿಯಿತು.

ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕುಗ್ಗುವುದೆಂದೂ, ಮೂತ್ರಪಿಂಡಗಳಿಗೆ ನೀರನ್ನು ಹಿಡಿದಿಡುವ ಶಕ್ತಿ ತಗ್ಗುವುದೆಂದೂ ಅಂದು ತಿಳಿದೆನು. ಹಠಾತ್ತನೆ ತೋರುವ ಬುದ್ಧಿಭ್ರಮೆ ಮುಪ್ಪಿನ ಸಹಜಗುಣವಲ್ಲ. ಅದು ದೇಹದ ಮೊರೆ. ಸೋಂಕು ತಗುಲಿದಾಗಲೂ ವೃದ್ಧರಿಗೆ ಜ್ವರ ಬಾರದೆ, ಭ್ರಮೆಯೊಂದೇ ತೋರಬಹುದು. ಆಗ ವೈದ್ಯರನ್ನು ಕರೆಯಲು ತಡಮಾಡಲಾಗದು.

ಆದುದರಿಂದ ಉಪಚಾರಗಳ ಅರ್ಥವನ್ನರಿತು ಆಚರಿಸೋಣ. ವೈದ್ಯರು ಮಿತಿ ಹೇಳಿರದಿದ್ದರೆ, ಕೇಳುವ ಮುನ್ನವೇ ಆಗಾಗ ನೀರು ಮಜ್ಜಿಗೆಗಳನ್ನು ಕೊಡುವುದೇ ಅರ್ಘ್ಯ. ಥಟ್ಟನೆ ಎದ್ದರೆ ರಕ್ತದೊತ್ತಡ ಕುಸಿದು ತಲೆಸುತ್ತೀತು. ಮಂಚದಂಚಿನಲ್ಲಿ ಕ್ಷಣಕಾಲ ಕೂರಿಸಿ ಎಬ್ಬಿಸುವುದೇ ಆಸನ. ತೆಳುವಾದ ಚರ್ಮವನ್ನು ಉಜ್ಜದೆ ಮೃದುವಾಗಿ ಒರೆಸುವುದೇ ಸ್ನಾನ. ಹಾಸಿಗೆ ಹಿಡಿದವರಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೇ ಪ್ರದಕ್ಷಿಣೆ. ಸವೆದ ಮೂಳೆ ಸಣ್ಣ ಬೀಳಿಗೂ ಮುರಿದೀತು. ರಾತ್ರಿ ಬಚ್ಚಲ ದಾರಿಯಲ್ಲಿ ಉರಿಯುವ ಬೆಳಕೇ ನಂದಾದೀಪ. ಎದುರಿಗೆ ಕುಳಿತು, ಕೂಗದೆ, ನಿಧಾನವಾಗಿ ಆಡುವ ನಾಲ್ಕು ಮಾತುಗಳೇ ಸ್ತೋತ್ರ.

ವಿಜಯದಶಮಿಯ ಪೂಜೆ ಮುಗಿದ ಮೇಲೆ ಕಲಶವನ್ನು ಕದಲಿಸುವೆವು. ಬರುವ ವರ್ಷ ಮತ್ತೆ ಸ್ಥಾಪಿಸುವೆವು. ಮನೆಯೊಳಗಿನ ಈ ಮೂರ್ತಿ ಒಮ್ಮೆ ಕದಲಿದರೆ ಮರುಸ್ಥಾಪನೆಯಿಲ್ಲ. ಆದಕಾರಣ ಉದ್ಧರಣೆಯನ್ನು ಕೈಗೆತ್ತಿಕೊಳ್ಳುವ ಮುನ್ನ ತಾಯಿಯ ತುಟಿಗೆ ಲೋಟವನ್ನು ಹಿಡಿಯೋಣ. ಜಗದಂಬೆಯು ನಮಗೆಲ್ಲರಿಗೂ ಆ ಸದ್ಬುದ್ಧಿಯನ್ನು ಕರುಣಿಸಲಿ.