ಹಿಡಿಯಲು ಕಾಯುವುದು, ಬಿಡಲು ಕಾಯುವುದು



ಟ್ಯೂನಾ ಗಾಳಕ್ಕೆ ಬಿದ್ದ ಕೂಡಲೇ ಬಲವಂತವಾಗಿ ಎಳೆದರೆ ದಾರ ಹರಿಯುತ್ತದೆ. ಓಡಲು ಬಿಟ್ಟು, ದಣಿದ ಮೇಲೆ ಎಳೆಯಬೇಕು. ಅದಕ್ಕೆ ಕೈಚಳಕವೂ ಬೇಕು, ತಾಳ್ಮೆಯೂ ಬೇಕು. ಆದರೆ ಹತ್ತು ಪಾರಮಿಗಳಲ್ಲಿ ಒಂದಾದ ಖಂತಿ ಇದೇನಾ? ಕೊಕ್ಕರೆಯೂ ಒಂಟಿಕಾಲಲ್ಲಿ ಕಾಯುತ್ತದಲ್ಲ!

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕಾರವಾರದ ಬೈತಖೋಲದಲ್ಲೂ ಅಂಕೋಲೆಯ ಬೇಲೇಕೇರಿಯಲ್ಲೂ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮೊಟ್ಟೆಯಿಡುವ ಕಾಲ. ಸಾಲದ ಕಂತಿಗೆ ಮಾತ್ರ ರಜೆಯಿಲ್ಲ. ದಂಡಕ್ಕೆ ಅಂಜಿ ಕಾಯುವವರೂ ಇರುತ್ತಾರೆ. ಆದರೆ ಮರಿಗಳು ಬದುಕಲಿ ಎಂದು ಕಾಯುವವನು, ಹೊಟ್ಟೆಗೆ ಕಷ್ಟವಾದರೂ, ಬಿಡುವುದನ್ನು ಕಲಿಯುತ್ತಾನೆ. ಖಂತಿ ಶುರುವಾಗುವುದು ಅಲ್ಲಿಂದ.

ಮೀನು ತಿನ್ನುವ ನಾವು ಅವನನ್ನು ಅಳೆಯುವುದು ಬೇಡ. ನಮ್ಮನ್ನೇ ಕೇಳಿಕೊಳ್ಳೋಣ: ಇಂದು ನಾನು ಕಾಯುತ್ತಿರುವುದು ಹಿಡಿಯಲೋ, ಬಿಡಲೋ?

ಭವತು ಸಬ್ಬ ಮಂಗಲಂ 🪷